ಬುಟ್ಟಿಯ ಹಾವು, ಗಾಜಿನ ಪೆಟ್ಟಿಗೆಯ ಹಾವು

ಸಾಕಿದ ಹಾವು ಪೆಟ್ಟಿಗೆಯಿಂದ ಜಾರಿ ಮನೆಯ ಸಂದಿಯಲ್ಲೋ ಪಕ್ಕದವರ ಬಾಲ್ಕನಿಯಲ್ಲೋ ಸೇರಿಕೊಳ್ಳುವುದನ್ನು ಅಪಾರ್ಟ್‌ಮೆಂಟ್ ಕಾಲದ ತಲೆನೋವೆಂದು ನಾವು ಎಣಿಸುತ್ತೇವೆ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಂಬ ಹೆಸರುಗಳು ಹೊಸವು, ನಿಜ. ಆದರೆ ಹಾವು ಸಾಕುವವರು ದಕ್ಷಿಣ ಬೆಂಗಳೂರಿನ ಬೀದಿಗಳಿಗೆ ಹೊಸಬರಲ್ಲ. ಬಿದಿರಿನ ಬುಟ್ಟಿಯಲ್ಲಿ ನಾಗರಹಾವನ್ನಿಟ್ಟುಕೊಂಡು ಪುಂಗಿ ಊದುತ್ತ ಬರುತ್ತಿದ್ದ ಹಾವಾಡಿಗನೂ ಸಾಕುವವನೇ. ಅವನು ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು ಸಾಕುತ್ತಿದ್ದ. ಇವತ್ತಿನವನು ಬಾಗಿಲು ಹಾಕಿಕೊಂಡು ಸಾಕುತ್ತಾನೆ. ತಪ್ಪಿಸಿಕೊಂಡ ಹಾವು ಜೀವಂತ ಸಿಗುತ್ತದೋ ಯಾರದೋ ಕೋಲಿಗೆ ಬಲಿಯಾಗುತ್ತದೋ ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸದ ಮೇಲೆ ನಿಂತಿದೆ ಎಂಬುದನ್ನು ಈ ಭಾಗದ ಇತಿಹಾಸವೇ ಹೇಳುತ್ತದೆ.

ಮೊದಲು ನೆಲದ ಮಾತು. 1945ರಲ್ಲಿ ಬೆಂಗಳೂರಿನ ಬಡಾವಣೆಗಳನ್ನು ರೂಪಿಸಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಬಡಾವಣೆ ಎದ್ದದ್ದು ಯಡಿಯೂರು, ಬೈರಸಂದ್ರದಂಥ ಹಳ್ಳಿಗಳ ಹೊಲ, ತೋಪು, ಕೆರೆಗಳ ನಡುವೆ. ಮುಂದೆ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿಗಳ ಸುತ್ತ ಜೆ.ಪಿ. ನಗರ ಹಬ್ಬಿತು, ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ನೆಲ ಬಿ.ಟಿ.ಎಂ. ಲೇಔಟ್ ಆಯಿತು. ಕೆರೆಯಿಂದ ಕೆರೆಗೆ ನೀರು ಹಾಯಿಸುತ್ತಿದ್ದ ರಾಜಕಾಲುವೆಗಳು ಕಾಂಕ್ರೀಟಿನ ಚರಂಡಿಗಳಾದ ಮೇಲೂ ಹಾವುಗಳಿಗೆ ಓಡಾಟದ ದಾರಿಯಾಗಿಯೇ ಉಳಿದವು. ಕಸ ಬಿದ್ದಲ್ಲಿ ಹೆಗ್ಗಣ, ಹೆಗ್ಗಣವಿದ್ದಲ್ಲಿ ನಾಗರ ಮತ್ತು ಕೇರೆ. ಖಾಲಿ ಸೈಟಿನಲ್ಲಿ ಸುರಿದ ಕಲ್ಲು, ಇಟ್ಟಿಗೆಯ ರಾಶಿ ಹುತ್ತದ ಕೆಲಸ ಮಾಡಿತು. ಮುಂಗಾರಿನ ಹೊತ್ತಿಗೆ ಮೊಟ್ಟೆಯೊಡೆದು ಬರುವ ನಾಗರಮರಿಗಳು ಬಚ್ಚಲು, ಸಂಪು, ಚಪ್ಪಲಿ ಗೂಡು ಎಂದು ನೋಡದೆ ಹೊಕ್ಕವು. ಹೀಗೆ, ಮನೆಯಲ್ಲಿ ಹಾವು ಹುಡುಕಿ ಹಿಡಿಯುವವನೊಬ್ಬನ ಅಗತ್ಯ ಬಡಾವಣೆಗಳ ಜೊತೆಗೇ ಬಂದದ್ದು.

ಆ ಅಗತ್ಯಕ್ಕೆ ಒದಗಿದವರು ಹಾವಾಡಿಗರು, ಹಾವುಗೊಲ್ಲರು. ಹಾವನ್ನು ಆಡಿಸಿ ಅಕ್ಕಿ, ಹಳೆ ಬಟ್ಟೆ, ಚಿಲ್ಲರೆ ಕಾಸು ಪಡೆಯುತ್ತಿದ್ದವರೇ ಮನೆಯೊಳಗೆ ಹೊಕ್ಕ ಹಾವನ್ನೂ ಹಿಡಿದೊಯ್ಯುತ್ತಿದ್ದರು. ತನ್ನ ಬುಟ್ಟಿಯ ಹಾವನ್ನೇ ಮೆಲ್ಲಗೆ ಬಿಟ್ಟು ಆಮೇಲೆ ‘ಹಿಡಿದು’ ಕೊಡುತ್ತಾನೆಂಬ ಗುಮಾನಿಯೂ ಅವನ ಬೆನ್ನಿಗಿತ್ತು. ಆ ಗುಮಾನಿಯಲ್ಲೇ ಒಂದು ಸತ್ಯವಿದೆ: ಹಾವು ಯಾರದ್ದೆಂದು ಬೀದಿಗೆಲ್ಲ ಗೊತ್ತಿತ್ತು, ಕೇಳುವುದಕ್ಕೆ ಒಬ್ಬ ಮನುಷ್ಯನಿದ್ದ. ಇದು ಹಳೆಯ ಕಾಲದ ಹಂಬಲವಲ್ಲವೇ ಎಂದು ಯಾರಾದರೂ ಕೇಳಬಹುದು. ಬುಟ್ಟಿಯ ಹಾವಿನ ಪಾಡು ಹಂಬಲಿಸುವಂಥದ್ದಲ್ಲ. ವಿಷದ ಹಲ್ಲು ಕೀಳುವುದು, ಬಾಯಿ ಹೊಲಿಯುವುದು, ಬಾಯಾರಿಸಿ ಹಾಲು ಕುಡಿಸುವುದು, ಇವೆಲ್ಲ ಆ ಕಸುಬಿನ ಭಾಗವೇ ಆಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಿಡಿಯುವುದನ್ನೂ ಬೇಟೆಯೆಂದೇ ಎಣಿಸಿ ಈ ಕಸುಬಿಗೆ ತಡೆಯೊಡ್ಡಿದ್ದು ಹಾವುಗಳ ಮಟ್ಟಿಗೆ ನ್ಯಾಯವೇ. ಆದರೆ ಕಸುಬು ಕರಗಿದಾಗ ಒಂದೇ ಕೈಯಲ್ಲಿದ್ದ ಎರಡು ಕೆಲಸ ಬೇರೆಬೇರೆಯಾದವು. ಸಾಕುವವನು ಅಪರಾಧಿಯಾದ, ಹಿಡಿಯುವ ಕೆಲಸ ಕಾಲಕ್ರಮದಲ್ಲಿ ಪಾಲಿಕೆಯ ವನ್ಯಜೀವಿ ಸ್ವಯಂಸೇವಕರಿಗೆ ಮತ್ತು ಊರಿನ ಉರಗ ರಕ್ಷಕರಿಗೆ ಬಂತು.

ಅವರಿದ್ದಾರಲ್ಲ, ಸಾಲದೇ ಎಂಬುದು ಮುಂದಿನ ಆಕ್ಷೇಪ. ಕಾಡುಹಾವಿನ ಮಟ್ಟಿಗೆ ಸಾಕು. ಕೊಕ್ಕೆಕೋಲು, ಪೈಪು, ಚೀಲ ಹಿಡಿದು ಬಂದು, ಜಾತಿ ಗುರುತಿಸಿ, ಹಿಡಿದು, ತಕ್ಕ ಜಾಗದಲ್ಲಿ ಬಿಟ್ಟರೆ ಕೆಲಸ ಮುಗಿಯಿತು. ಗಾಯವಾಗಿದ್ದರೆ ಕೆಂಗೇರಿ ಬಳಿ ವನ್ಯಜೀವಿ ಆಸ್ಪತ್ರೆಯಿದೆ, ಬನ್ನೇರುಘಟ್ಟವಿದೆ. ಸಾಕಿದ ವಿದೇಶಿ ಹಾವಿನ ಲೆಕ್ಕ ಬೇರೆ. ಅದು ಯಾವ ಜಾತಿ, ಎಷ್ಟು ಉದ್ದ, ಯಾವಾಗ ಕೊನೆಯ ಸಲ ತಿಂದಿತು, ಯಾವ ರಾತ್ರಿ ಮುಚ್ಚಳ ಸರಿಯಿತು ಎಂಬುದೆಲ್ಲ ಯಜಮಾನನೊಬ್ಬನಿಗೇ ಗೊತ್ತು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ನಿಶಾಚರಿ. ಇಕ್ಕಟ್ಟು, ಕತ್ತಲು, ಬಿಸುಪು ಹುಡುಕುತ್ತದೆ. ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಪೆಟ್ಟಿಗೆಯಿರುವ ಕೋಣೆಯಿಂದಲೇ: ಫ್ರಿಜ್ಜಿನ ಹಿಂಬದಿ, ಯುಪಿಎಸ್ ಬ್ಯಾಟರಿಯ ಸಂದಿ, ವಾಷಿಂಗ್ ಮಷೀನಿನ ಅಡಿ, ಪುಸ್ತಕದ ಬೀರು. ಬಾಗಿಲಡಿಗೆ ಬಟ್ಟೆ ತುರುಕಿ, ಬಚ್ಚಲ ತೂಬು ಮುಚ್ಚಿ, ಹೊಸ್ತಿಲ ಬಳಿ ತೆಳುವಾಗಿ ಹಿಟ್ಟು ಉದುರಿಸಿದರೆ ಬೆಳಗ್ಗೆ ಹರಿದ ಗುರುತು ಸಿಗುತ್ತದೆ. ಇದಕ್ಕೆ ಬೇಕಾದದ್ದು ಮೊದಲ ರಾತ್ರಿ ಮತ್ತು ಅಕ್ಕಪಕ್ಕದವರ ಸಹಕಾರ. ಹೆದರಿಕೆಯಿಂದ ಸುಮ್ಮನಿದ್ದವನು ಕಳೆದುಕೊಳ್ಳುವುದು ಇವೆರಡನ್ನೇ.

ಹೆದರಿಕೆ ಎಲ್ಲಿಂದ ಬಂತು? ವನ್ಯಜೀವಿ ಕಾಯ್ದೆಯಿಂದ ನಮ್ಮ ನೆಲದ ಹಾವನ್ನು ಸಾಕುವಂತಿಲ್ಲ ಎಂಬುದು ಖಚಿತವಾಯಿತು. ಹೊರದೇಶದ ಹಾವಿನ ಬಗ್ಗೆ ಕಾಯ್ದೆ ದಶಕಗಳ ಕಾಲ ಹೆಚ್ಚೇನೂ ಹೇಳಲಿಲ್ಲ. ಆ ಸಂದಿನಲ್ಲೇ ಕಳ್ಳಸಾಗಣೆ ಬೆಳೆಯಿತು. 2023ರ ಸೆಪ್ಟೆಂಬರಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪಗಳು ಸಾಮಾನಿನಲ್ಲಿ ಸಿಕ್ಕವು. ಜೊತೆಗಿದ್ದ ಆರು ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬಂದವರೊಬ್ಬರ ಚೀಲದಲ್ಲಿ 10 ಹಳದಿ ಅನಕೊಂಡಾಗಳಿದ್ದವು. ಕೇಂದ್ರ ಸರ್ಕಾರ 2020ರಲ್ಲಿ ಇಂಥ ಪ್ರಾಣಿಗಳನ್ನು ಸ್ವಯಂಪ್ರೇರಿತವಾಗಿ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ತಿದ್ದುಪಡಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್‌ನ ಪಟ್ಟಿಯ ಜೀವಿಗಳನ್ನು ಕಾಯ್ದೆಯೊಳಗೆ ತಂದಿತು. 2024ರ ಫೆಬ್ರುವರಿಯ ನಿಯಮಗಳು ಅವುಗಳ ನೋಂದಣಿಯನ್ನು ಕಡ್ಡಾಯ ಮಾಡಿ, ಹುಟ್ಟು, ಸಾವು, ಹಸ್ತಾಂತರಗಳನ್ನು ತಿಳಿಸಬೇಕೆಂದವು. ಆದರೂ ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲೇ ಇಲ್ಲದ ಕಾರಣ ಈ ದಾಖಲೆಯ ಹೊರಗೇ ಉಳಿಯಿತು. ಹಾವಾಡಿಗನ ಕಾಲದಲ್ಲಿ ಬೀದಿಯೇ ಇಟ್ಟುಕೊಂಡಿದ್ದ ಲೆಕ್ಕವನ್ನು ಸರ್ಕಾರ ಈಗ ಅರ್ಧಂಬರ್ಧ ಬರೆದುಕೊಳ್ಳಲು ಹೊರಟಿದೆ.

ವಿಷವಿಲ್ಲದ ಹಾವಿಗೆ ಇಷ್ಟು ರಗಳೆಯೇಕೆ ಎನ್ನುವವರಿದ್ದಾರೆ. ಬಾಲ್ ಪೈಥಾನಿನ ಕಂದು ಮೈಮೇಲಿನ ಮಚ್ಚೆಗಳನ್ನು ಕಂಡ ನೆರೆಯವರು ಕೊಳಕುಮಂಡಲವೆಂದು ಬಗೆದು ಬಡಿದರೆ ಅವರ ತಪ್ಪೇನು? ಇದಕ್ಕಿಂತ ಭಯಾನಕವಾದದ್ದು ತಿರುವು ಮುರುವಾದ ತಪ್ಪು: ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ಭಾವಿಸಿ ಕೈಯಿಟ್ಟವರಿಗೆ ಜೀವವೇ ಹೋಗಬಹುದು. ಮನೆಮನೆಯಲ್ಲಿ ನಾಗರ ಪಂಚಮಿ ಮಾಡುವ ಊರು ಹಾವು ಕೊಲ್ಲುವುದಿಲ್ಲ ಎಂಬ ಸಮಾಧಾನವೂ ಪೂರ್ತಿ ನಿಲ್ಲದು. ಅಶ್ವತ್ಥಕಟ್ಟೆಯ ನಾಗರಕಲ್ಲಿನ ಭಕ್ತಿ ಕಾದದ್ದು ಹೆಡೆಯಿರುವ ಹಾವನ್ನು. ಮಂಡಲಕ್ಕೂ ಕೇರೆಗೂ ಆ ರಕ್ಷೆ ಅಷ್ಟಾಗಿ ಸಿಗಲಿಲ್ಲ. ಆಫ್ರಿಕಾದಿಂದ ಬಂದದ್ದಕ್ಕೆ ಸಿಕ್ಕೀತೇ? ತುರಹಳ್ಳಿ ಕಾಡಿಗೋ ಮಡಿವಾಳ ಕೆರೆಯಂಚಿಗೋ ಬಿಟ್ಟು ಕೈತೊಳೆದುಕೊಳ್ಳುವುದಂತೂ ಪರಿಹಾರವಲ್ಲ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕುಹಾವಾಗಿ ಬಂದ ಬರ್ಮಾ ಹೆಬ್ಬಾವು ಅಲ್ಲಿನ ಮಧ್ಯಮ ಗಾತ್ರದ ಸಸ್ತನಿಗಳನ್ನು ಬರಿದು ಮಾಡಿದ್ದನ್ನು ಲೋಕ ನೋಡಿದೆ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು: ಹಾವು ಕಳೆಯಿತೆಂದು ಹೇಳಿದವನನ್ನು ದಂಡಿಸದೆ ಬಿಟ್ಟರೆ ಕಳ್ಳಸಾಗಣೆಗೆ ಕುಮ್ಮಕ್ಕಾಗುವುದಿಲ್ಲವೇ? ಎರಡನ್ನೂ ಬೇರೆಯಾಗಿಯೇ ನೋಡಬೇಕು. ತಂದು ಮಾರುವುದು ಅಪರಾಧವಾಗಿಯೇ ಇರಲಿ. ಕಳೆದದ್ದನ್ನು ತಕ್ಷಣ ತಿಳಿಸುವುದು ಅಪರಾಧದ ಒಪ್ಪಿಗೆಯಾಗದಿರಲಿ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಇದೇ ತಿಳಿವಳಿಕೆಯಿಂದ: ಎಲ್ಲಿ ಏನಾಗುತ್ತಿದೆ ಎಂದು ಗೊತ್ತಾಗದೆ ಔಷಧವನ್ನೂ ತಲುಪಿಸಲಾಗದು. ಹಾವು ತಪ್ಪಿಸಿಕೊಂಡ ಮೊದಲ ದಿನವೇ ಸ್ವಯಂಸೇವಕರಿಗೂ ನೆರೆಯವರಿಗೂ ಹೇಳಿದವನಿಗೆ ರಿಯಾಯಿತಿ, ಮುಚ್ಚಿಟ್ಟವನಿಗೆ ದಂಡ ಎಂಬ ನಿಯಮ ಬಂದರೆ ಹಾವೂ ಉಳಿಯುತ್ತದೆ, ನೆರೆಯೂ ನಿದ್ದೆ ಮಾಡುತ್ತದೆ. ಹಾವಾಡಿಗನ ಕಸುಬಿನಿಂದ ಉಳಿಸಿಕೊಳ್ಳಬೇಕಾದದ್ದು ಅವನ ಬುಟ್ಟಿಯನ್ನಲ್ಲ, ಹಾವು ತನ್ನದೆಂದು ಹೇಳಿಕೊಳ್ಳುವ ಹೊಣೆಯನ್ನು.