ಬೆರ್ರಿಯೆಸಾಕ್ಕೆ ಬಂದ ಮರಳ ದಾರಿ

ಸ್ಯಾನ್ ಹೋಸೆ ನಗರದ ಈಶಾನ್ಯ ಅಂಚಿನಲ್ಲಿ, ಡಯಾಬ್ಲೊ ಬೆಟ್ಟಸಾಲಿನ ಬುಡಕ್ಕೆ ಒರಗಿಕೊಂಡಂತೆ ಬೆರ್ರಿಯೆಸಾ ಇದೆ. ಒಂದು ಕಾಲಕ್ಕೆ ಏಪ್ರಿಕಾಟ್, ಪ್ಲಮ್, ಚೆರ್ರಿ ತೋಟಗಳಿದ್ದ ಜಾಗ. ಈಗ ತೋಟಗಳು ಹೋಗಿ ಮನೆಗಳ ಸಾಲು ಬಂದಿದೆ. 2020ರ ಜೂನ್‌ನಲ್ಲಿ ಬಾರ್ಟ್ ರೈಲೂ ಬಂತು. ನಿಲ್ದಾಣಕ್ಕೆ ಊರಿನ ಹೆಸರನ್ನೇ ಇಟ್ಟರು. ಸುತ್ತಲಿನ ಬೀದಿಗಳಲ್ಲಿ ವಿಯೆಟ್ನಾಮಿ, ಚೀನೀ, ಸ್ಪ್ಯಾನಿಶ್ ಜೊತೆಗೆ ಕನ್ನಡವೂ ಕಿವಿಗೆ ಬೀಳುತ್ತದೆ. ಚಳಿಗಾಲದಲ್ಲಿ ಉದ್ದನೆಯ ವಾರಾಂತ್ಯ ಸಿಕ್ಕರೆ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏಳೆಂಟು ನೂರು ಕಿಲೋಮೀಟರ್ ದಕ್ಷಿಣದ ಆನ್ಜಾ-ಬೊರೆಗೊ ಮರುಭೂಮಿಯಲ್ಲಿ ಜೀಪು ಓಡಿಸಿ ಬರುವವರು ಈ ಬೀದಿಗಳಲ್ಲೂ ಇದ್ದಾರೆ. ತಮ್ಮ ಊರಿನ ಹೆಸರು ಬಂದದ್ದೂ ಅದೇ ಮರಳು ಹಾದಿಯಲ್ಲಿ, ಎದುರು ದಿಕ್ಕಿನಿಂದ, ಹೇಸರಗತ್ತೆಯ ಮೇಲೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಹೆಸರು ತಂದವನು ನಿಕೊಲಾಸ್ ಆಂಟೋನಿಯೊ ಬೆರ್ರಿಯೆಸಾ ಎಂಬ ಹದಿಹರೆಯದ ಹುಡುಗ. ಜೊತೆಗೆ ಅಕ್ಕ ಇಸಾಬೆಲ್. ಇಬ್ಬರೂ 1775ರಲ್ಲಿ ಸ್ಪೇನಿನ ಸೇನಾಧಿಕಾರಿ ಹುವಾನ್ ಬೌಟಿಸ್ಟಾ ಡಿ ಆನ್ಜಾನ ತಂಡದೊಡನೆ ಹೊರಟವರು. ಇಂದು ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಟುಬಾಕ್ ಆಗ ಸ್ಪೇನಿನ ಗಡಿ ಠಾಣ್ಯ. ಅಲ್ಲಿಂದ ಅಕ್ಟೋಬರ್ 23ರಂದು ತಂಡ ಹೊರಟಾಗ ಅದರಲ್ಲಿ ಸುಮಾರು 240 ಜನ. ಹೆಚ್ಚಿನವರು ಸಿನಲೋವಾ, ಸೊನೋರಾ ಸೀಮೆಯ ಬಡವರು; ಅರ್ಧದಷ್ಟು ಮಂದಿ ಮಕ್ಕಳು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ ಊರು ಕಟ್ಟಲು ಸ್ಪೇನಿನ ಸರ್ಕಾರ ಬಟ್ಟೆಬರೆ, ದವಸ, ಸಂಬಳ ಕೊಟ್ಟು ಅವರನ್ನು ಕಳಿಸಿತ್ತು. ಹಿಂದೆ ಸಾವಿರಕ್ಕೂ ಮೀರಿ ಕುದುರೆ, ಹೇಸರಗತ್ತೆ, ದನ.

ಸಮುದ್ರದ ದಾರಿ ಇತ್ತು. ಆದರೆ ಮೆಕ್ಸಿಕೊ ಕರಾವಳಿಯಿಂದ ಉತ್ತರಕ್ಕೆ ಹೋಗುವ ಹಡಗುಗಳು ಎದುರುಗಾಳಿಗೆ ಸಿಕ್ಕಿ ತಿಂಗಳುಗಟ್ಟಲೆ ತಡವಾಗುತ್ತಿದ್ದವು, ನಾವಿಕರು ಸ್ಕರ್ವಿ ರೋಗಕ್ಕೆ ತುತ್ತಾಗುತ್ತಿದ್ದರು. ಸಂಸಾರವಂದಿಗರನ್ನೂ ದನಗಳ ಹಿಂಡನ್ನೂ ಹಾಗೆ ಸಾಗಿಸುವುದು ಆಗದ ಮಾತು. ಉಳಿದದ್ದು ಮರುಭೂಮಿ. ಅದನ್ನು ದಾಟುವುದು ಹೇಗೆಂದು ಆನ್ಜಾನಿಗೆ ತೋರಿಸಿಕೊಟ್ಟವನ ಹೆಸರು ಸೆಬಾಸ್ಟಿಯನ್ ಟಾರಾಬಲ್.

ಟಾರಾಬಲ್ ಬಾಹಾ ಕ್ಯಾಲಿಫೋರ್ನಿಯಾದ ಕೊಚಿಮಿ ಮೂಲನಿವಾಸಿ. 1773ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಸ್ಪೇನಿನ ಪಾದ್ರಿಗಳು ನಡೆಸುತ್ತಿದ್ದ ಸ್ಯಾನ್ ಗೇಬ್ರಿಯಲ್ ಮಿಷನ್‌ನಿಂದ ಹೆಂಡತಿಯನ್ನೂ ಇನ್ನೊಬ್ಬ ನೆಂಟನನ್ನೂ ಕರೆದುಕೊಂಡು ತಪ್ಪಿಸಿಕೊಂಡು ಪೂರ್ವಕ್ಕೆ ಬಂದ. ಮರಳುಗುಡ್ಡಗಳ ನಡುವೆ ಅವರಿಬ್ಬರೂ ಸತ್ತರು. ಬದುಕುಳಿದ ಟಾರಾಬಲ್ ಕೊಲರಾಡೊ ನದಿಯ ದಡ ಮುಟ್ಟಿದಾಗ ಅಲ್ಲಿನ ಕ್ವೆಚಾನ್ ಜನರ ನಾಯಕ ಅವನನ್ನು ಸ್ಪೇನಿನವರ ಬಳಿಗೆ ಕರೆತಂದ. ಸ್ಪೇನಿನವರು ಸಾಲ್ವಡೋರ್ ಪಾಲ್ಮಾ ಎಂದು ಕರೆದದ್ದು ಈ ನಾಯಕನನ್ನೇ. ಓಡಿಹೋದವನನ್ನು ಶಿಕ್ಷಿಸುವ ಬದಲು ಆನ್ಜಾ ಅವನನ್ನೇ ದಾರಿ ತೋರಿಸಲು ಜೊತೆಗೆ ತೆಗೆದುಕೊಂಡು 1774ರ ಜನವರಿಯಲ್ಲಿ ಹೊರಟ. ಫ್ರಾನ್ಸಿಸ್ಕೊ ಗಾರ್ಸೆಸ್ ಎಂಬ ಪಾದ್ರಿಯೂ ಜೊತೆಗಿದ್ದ. ನದಿ ದಾಟಿದ ಮೇಲೆ ಮರಳುಗುಡ್ಡಗಳಲ್ಲಿ ಎಲ್ಲರೂ ದಾರಿ ತಪ್ಪಿದರು, ನೀರಿಲ್ಲದೆ ಪ್ರಾಣಿಗಳು ಕುಸಿದವು. ಪಾಲ್ಮಾನ ಹಳ್ಳಿಗೇ ವಾಪಸು ಬರಬೇಕಾಯಿತು. ಸಾಮಾನಿನ ಬಹುಭಾಗವನ್ನೂ ಒಂದಷ್ಟು ಜನರನ್ನೂ ಅವನ ವಶಕ್ಕೆ ಒಪ್ಪಿಸಿ, ಹಗುರಾಗಿ, ಗುಡ್ಡಗಳ ದಕ್ಷಿಣಕ್ಕೆ ಸುತ್ತುಹಾಕಿ ಹೋದಾಗ ಒಂದು ಜವುಗು ಸಿಕ್ಕಿತು. ಟಾರಾಬಲ್ ಅದನ್ನು ಗುರುತಿಸಿದ. ಅಲ್ಲಿಂದ ಮುಂದೆ ಅವನಿಗೆ ದಾರಿ ಗೊತ್ತಿತ್ತು. ಆನ್ಜಾ ಆ ನೀರಿನ ನೆಲೆಗೆ ಸ್ಯಾನ್ ಸೆಬಾಸ್ಟಿಯನ್ ಎಂದೇ ಹೆಸರಿಟ್ಟ. ಮಾರ್ಚ್ 22ರಂದು ತಂಡ ಸ್ಯಾನ್ ಗೇಬ್ರಿಯಲ್ ತಲುಪಿತು.

ಬೆರ್ರಿಯೆಸಾ ಅಕ್ಕ-ತಮ್ಮ ಇದ್ದ ಎರಡನೆಯ ಯಾತ್ರೆ ಈ ಅರಿವಿನ ಮೇಲೆ ನಿಂತಿತ್ತು. 1775ರ ನವೆಂಬರ್ 30ರಂದು ಪಾಲ್ಮಾನ ಜನರ ನೆರವಿನಿಂದ ಎಲ್ಲರೂ ಕೊಲರಾಡೊ ನದಿ ದಾಟಿದರು. ಮುಂದಿನದು ನೀರಿನ ಲೆಕ್ಕಾಚಾರ. ಇಂದಿನ ಎಲ್ ಸೆಂಟ್ರೊ ಪಟ್ಟಣದ ಪಶ್ಚಿಮಕ್ಕಿರುವ ಯೂಹಾ ಬಾವಿಯಲ್ಲಿ ನೀರು ಒಸರುವುದೇ ಹೊರತು ಉಕ್ಕುವುದಿಲ್ಲ. ಒಮ್ಮೆ ಬರಿದು ಮಾಡಿದರೆ ಮತ್ತೆ ತುಂಬಲು ಹೊತ್ತು ಬೇಕು. ಅದಕ್ಕೇ ಆನ್ಜಾ ತಂಡವನ್ನು ಮೂರು ಭಾಗ ಮಾಡಿ, ಒಂದೊಂದು ದಿನದ ಅಂತರದಲ್ಲಿ ಕಳಿಸಿದ. ಮೊದಲಿನದಕ್ಕೆ ತಾನೇ ಮುಂದಾಳು, ಎರಡನೆಯದಕ್ಕೆ ಸಾರ್ಜೆಂಟ್ ಗ್ರಿಹಾಲ್ವಾ, ಮೂರನೆಯದಕ್ಕೆ ಲೆಫ್ಟಿನೆಂಟ್ ಹೊಸೆ ಹೊವಾಕಿನ್ ಮೊರಾಗಾ. ಇಡೀ ಯಾತ್ರೆಯಲ್ಲಿ ಇದಕ್ಕಿಂತ ಜಾಣ ತೀರ್ಮಾನ ಇನ್ನೊಂದಿಲ್ಲ.

ಬಾಯಾರಿಕೆಗೆ ಸಿದ್ಧರಾಗಿದ್ದವರ ಮೇಲೆ ಎರಗಿದ್ದು ಚಳಿ. ಆ ಡಿಸೆಂಬರ್‌ನಲ್ಲಿ ಮರುಭೂಮಿಯ ಸುತ್ತಲ ಬೆಟ್ಟಗಳೆಲ್ಲ ಹಿಮದಿಂದ ಬೆಳ್ಳಗಾದವು, ಬಯಲಲ್ಲೂ ಹಿಮ ಬಿತ್ತು. ಹಿಂಡಿನ ದನಗಳು ಹತ್ತಾರು ಸಂಖ್ಯೆಯಲ್ಲಿ ಸತ್ತವು. ಕೊನೆಯ ತಂಡ ತಂದ ಮೊರಾಗಾನ ಕಿವಿ ಚಳಿಗೆ ಕೇಳಿಸದಂತಾಯಿತು. ಮೂರೂ ತಂಡಗಳು ಸ್ಯಾನ್ ಸೆಬಾಸ್ಟಿಯನ್ ನೆಲೆಯಲ್ಲಿ ಮತ್ತೆ ಕೂಡಿದ ರಾತ್ರಿ ಬದುಕಿ ಬಂದ ಖುಷಿಗೆ ಜನ ಕುಣಿದರು. ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ಹೊರಟಿದ್ದ ಫೆಲಿಸಿಯಾನಾ ಅರ್ಬಾಯೊ ಎಂಬ ವಿಧವೆ ಮುಂದೆ ಬಂದು ತುಂಟ ಹಾಡುಗಳನ್ನು ಹಾಡಿದಳು. ತಂಡದ ಪಾದ್ರಿ ಪೆಡ್ರೊ ಫಾಂಟ್‌ಗೆ ಇದು ಹಿಡಿಸಲಿಲ್ಲ. ದಿನಚರಿಯಲ್ಲಿ ಸಿಟ್ಟಿನಿಂದ ಬರೆದಿಟ್ಟ. ಅವನ ಸಿಟ್ಟಿನ ದೆಸೆಯಿಂದಲೇ ಆ ಹೆಂಗಸಿನ ಧೈರ್ಯ ನಮ್ಮವರೆಗೆ ತಲುಪಿದೆ. ಮುಂದೆ ಅವಳ ಮಗಳ ಮಗ ಪಿಯೊ ಪಿಕೊ ಮೆಕ್ಸಿಕೊ ಆಳ್ವಿಕೆಯ ಕ್ಯಾಲಿಫೋರ್ನಿಯಾಕ್ಕೆ ಕೊನೆಯ ಗವರ್ನರ್ ಆದ.

ಈ ದಾರಿಯ ಒಂದು ಪಾಲು ಇಂದು ಆನ್ಜಾ-ಬೊರೆಗೊ ಮರುಭೂಮಿ ಉದ್ಯಾನದ ಒಳಗೋ ಅಂಚಿನಲ್ಲೋ ಇದೆ. ಆರು ಲಕ್ಷ ಎಕರೆ ಮೀರಿದ, ಕ್ಯಾಲಿಫೋರ್ನಿಯಾ ರಾಜ್ಯದ ಅತಿ ದೊಡ್ಡ ಉದ್ಯಾನ. ಒಳಗೆ ನೂರಾರು ಮೈಲಿ ಮಣ್ಣುದಾರಿ. ಇಲ್ಲಿ ಜೀಪಿನ ಓಡಾಟ ಜನಪ್ರಿಯವಾದದ್ದು ಎರಡನೆಯ ಮಹಾಯುದ್ಧದ ನಂತರ. ಯುದ್ಧಕ್ಕೆಂದು ತಯಾರಾದ ವಿಲ್ಲಿಸ್ ಜೀಪುಗಳನ್ನು ಸೈನ್ಯ ಅಗ್ಗಕ್ಕೆ ಮಾರಿದಾಗ ಕ್ಯಾಲಿಫೋರ್ನಿಯಾದ ಜನ ಕೊಂಡು ಬೆಟ್ಟ, ಮರಳು ಎನ್ನದೆ ನುಗ್ಗಿದರು. ಅದೇ ವಿಲ್ಲಿಸ್ ಜೀಪನ್ನು 1947ರಿಂದ ಮುಂಬೈಯಲ್ಲಿ ಮಹೀಂದ್ರಾ ಜೋಡಿಸತೊಡಗಿತು. ನಮ್ಮ ಮಲೆನಾಡಿನ ಕಾಫಿ ತೋಟಗಳಿಗೆ ಜೀಪು ಬಂದದ್ದು ಆ ವಂಶದಿಂದ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಕುಲುಕಾಡಿಕೊಂಡು ಹತ್ತಿದವರಿಗೆ ಆನ್ಜಾ-ಬೊರೆಗೊದ ಕಲ್ಲುಹಾದಿ ಹೊಸದೆನಿಸುವುದಿಲ್ಲ. ಮರಳು ಮಾತ್ರ ಬೇರೆ ವಿದ್ಯೆ. ಟೈರಿನ ಗಾಳಿ ಇಳಿಸಬೇಕು, ಆಗ ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ನಿಲ್ಲುತ್ತದೆ. ಒಂದೇ ವೇಗದಲ್ಲಿ ಸಾಗಬೇಕು. ನಡುವೆ ಬ್ರೇಕ್ ಹಾಕಿ ನಿಂತರೆ ಚಕ್ರ ಹೂತುಹೋಗುತ್ತದೆ.

ಬೊರೆಗೊ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಿಂದ ಒಂದು ದಿನದಲ್ಲಿ ನೋಡಬಹುದಾದದ್ದರಲ್ಲಿ ಎರಡು ಜಾಗ ಮುಖ್ಯ. ಬೆಳಿಗ್ಗೆ ಫಾಂಟ್ಸ್ ಪಾಯಿಂಟ್. ಆ ಸಿಟ್ಟಿನ ಪಾದ್ರಿಯ ಹೆಸರಿನದೇ. ಟಾರು ರಸ್ತೆ ಬಿಟ್ಟು ಒಣಹಳ್ಳದ ಸಡಿಲ ಮರಳಿನಲ್ಲಿ ಆರು ಕಿಲೋಮೀಟರಿನಷ್ಟು ಹೋದರೆ ನೆಲ ಥಟ್ಟನೆ ಕಡಿದುಹೋಗುತ್ತದೆ. ಕೆಳಗೆ ಕಂದು, ತಿಳಿಗೆಂಪು, ಬೂದಿ ಬಣ್ಣದ ಸವೆದ ಗುಡ್ಡಗಳು ದಿಗಂತದವರೆಗೆ. ಹುಲ್ಲಿಲ್ಲ, ನೆರಳಿಲ್ಲ. ನೂರಕ್ಕೂ ಮೀರಿದ ಮಕ್ಕಳನ್ನೂ ಸಾವಿರ ಜಾನುವಾರನ್ನೂ ಹೊಡೆದುಕೊಂಡು ಈ ಸೀಮೆಯಲ್ಲಿ ಹಾಯುವುದೆಂದರೆ ಏನೆಂದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಇಲ್ಲಿ ಅರ್ಥವಾಗುತ್ತದೆ.

ಇನ್ನೊಂದು ಕಯೋಟಿ ಕಣಿವೆ. ಆನ್ಜಾ ಬೆಟ್ಟ ಹತ್ತಿದ್ದು ಇದರೊಳಗಿಂದ. ಜೀಪು ಹರಿಯುವ ತೊರೆಯನ್ನು ಒಮ್ಮೆ, ಎರಡನೆಯ ಬಾರಿ, ಮೂರನೆಯ ಬಾರಿ ದಾಟುತ್ತದೆ. ಮರುಭೂಮಿಯಲ್ಲಿ ವರ್ಷವಿಡೀ ನೀರು ಹರಿಯುವುದೇ ಇಲ್ಲಿಯ ಅಚ್ಚರಿ. ಮೂರನೆಯ ದಾಟಿನ ಬಳಿ ಬಂಡೆಗಳು ದೊಡ್ಡವು, ಫೋರ್ ವ್ಹೀಲ್ ಇಲ್ಲದ ವಾಹನಕ್ಕೆ ಮುಂದೆ ದಾರಿಯಿಲ್ಲ. ಇಲ್ಲಿಯೇ ಗೆಳೆಯನ ಬೆಲೆ ತಿಳಿಯುವುದು: ಒಬ್ಬ ಇಳಿದು ಮುಂದೆ ನಿಂತು ಕೈಸನ್ನೆ ಮಾಡಬೇಕು, ಇನ್ನೊಬ್ಬ ಅದನ್ನು ನಂಬಿ ಚಕ್ರ ಹೊರಳಿಸಬೇಕು. ಈ ಕಣಿವೆ ಕವಿಯಾ ಜನರ ಮನೆಯಾಗಿತ್ತು. ಮೆಸ್ಕೀಟ್ ಕಾಯಿ ಕುಟ್ಟಿ ಹಿಟ್ಟು ಮಾಡುವುದು, ಮರಳಲ್ಲಿ ಬಾವಿ ತೋಡುವುದು ಅವರಿಗೆ ಕರತಲಾಮಲಕ. ಫಾಂಟ್ ಅವರನ್ನು ಕೀಳಾಗಿ ಚಿತ್ರಿಸಿದ; ಆ ಬರಹವನ್ನು ಒಪ್ಪಲಾಗದು. ಅವನ ತಂಡ ಹೆಣಗಾಡಿದ ಜಾಗದಲ್ಲಿ ಅವರು ತಲೆತಲಾಂತರದಿಂದ ಬಾಳಿದ್ದರು.

1775ರ ಡಿಸೆಂಬರ್ 24ರ ರಾತ್ರಿ ಇದೇ ಕಣಿವೆಯ ಮೇಲ್ಭಾಗದಲ್ಲಿ ಗರ್ಟ್ರೂಡಿಸ್ ರಿವಾಸ್ ಎಂಬಾಕೆಗೆ ಹೆರಿಗೆಯಾಯಿತು. ಮಗುವಿಗೆ ಸಾಲ್ವಡೋರ್ ಇಗ್ನಾಸಿಯೊ ಲಿನಾರೆಸ್ ಎಂದು ಹೆಸರಿಟ್ಟರು. ಬಾಣಂತಿಗಾಗಿ ಮರುದಿನ ಇಡೀ ತಂಡ ಅಲ್ಲೇ ತಂಗಿತು. ಹೊರಟ ಮೊದಲ ರಾತ್ರಿಯೇ ಹೆರಿಗೆಯಲ್ಲಿ ಒಬ್ಬ ತಾಯಿ ತೀರಿಕೊಂಡಿದ್ದಳು. ದಾರಿಯುದ್ದಕ್ಕೂ ಆದ ಸಾವು ಅದೊಂದೇ. ಅಷ್ಟು ಜನ, ಅಂಥ ಚಳಿ, ಆದರೂ ಇಷ್ಟೇ ಎಂಬುದು ಆನ್ಜಾನ ದಕ್ಷತೆಗೂ ದಾರಿಯಲ್ಲಿ ನೆರವಾದ ಕ್ವೆಚಾನರಿಗೂ ಸಲ್ಲಬೇಕಾದ ಗೌರವ.

1776ರ ಜನವರಿ 4ರಂದು ಸ್ಯಾನ್ ಗೇಬ್ರಿಯಲ್, ಮಾರ್ಚ್ 10ರಂದು ಮಾಂಟೆರೆ. ಜನರನ್ನು ಅಲ್ಲಿ ಬಿಟ್ಟು ಆನ್ಜಾ ಕೊಲ್ಲಿಯನ್ನು ಸುತ್ತಿ ನೋಡಿದ. ಏಪ್ರಿಲ್‌ನಲ್ಲಿ ಮರಳುವಾಗ ಬೆರ್ರಿಯೆಸಾದ ಬೆನ್ನಿಗಿರುವ ಇದೇ ಡಯಾಬ್ಲೊ ಬೆಟ್ಟಸಾಲಿನ ಒಳಗೆ ಹೊಕ್ಕು, ಕಡಿದಾದ ಕಮರಿಗಳಲ್ಲಿ ಏದುಸಿರು ಬಿಡುತ್ತ ದಕ್ಷಿಣಕ್ಕೆ ಹೊರಬಂದ. ಜನರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕರೆತಂದವನು ಮೊರಾಗಾ. 1777ರ ನವೆಂಬರ್ 29ರಂದು ಸ್ಯಾನ್ ಹೋಸೆ ಊರಿಗೆ ಅಡಿಪಾಯ ಹಾಕಿದವನೂ ಅವನೇ.

ಆಮೇಲೆ ದಾರಿ ಮುಚ್ಚಿತು. ಪಾಲ್ಮಾ ಆನ್ಜಾನೊಡನೆ ಮೆಕ್ಸಿಕೊ ನಗರಕ್ಕೆ ಹೋಗಿ 1777ರಲ್ಲಿ ಕ್ರೈಸ್ತನಾಗಿದ್ದ, ಸ್ಪೇನಿನವರ ಮಾತನ್ನು ನಂಬಿದ್ದ. ಆನ್ಜಾ ನ್ಯೂ ಮೆಕ್ಸಿಕೊಗೆ ಗವರ್ನರ್ ಆಗಿ ದೂರ ಹೋದ. 1780-81ರ ಚಳಿಗಾಲದಲ್ಲಿ ಕ್ವೆಚಾನರ ನೆಲದಲ್ಲಿ ಸ್ಪೇನಿನವರ ಎರಡು ನೆಲೆಗಳು ಎದ್ದವು. ಹೇಳಿದ್ದ ಉಡುಗೊರೆಗಳು ಬರಲಿಲ್ಲ; ಬಂದದ್ದು ಬೆಳೆ ಮೇಯುವ ದನಗಳು. 1781ರ ಜುಲೈ 17ರಂದು ಕ್ವೆಚಾನರು ಎದ್ದುನಿಂತರು. ಮೂರು ದಿನಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಹತರಾದರು. ಕ್ವೆಚಾನರ ನಡುವೆ ಬಾಳಿ ಅವರನ್ನು ಪ್ರೀತಿಸಿದ್ದ ಪಾದ್ರಿ ಗಾರ್ಸೆಸ್ ಕೂಡ ಉಳಿಯಲಿಲ್ಲ. ಸುಮಾರು ನಾಲ್ಕು ದಶಕ ಆ ದಾರಿಯಲ್ಲಿ ವಲಸೆಗಾರರ ತಂಡ ಹಾಯಲಿಲ್ಲ. ಮರುಭೂಮಿಯ ದಾರಿಯನ್ನು ತೆರೆದದ್ದು ಕತ್ತಿಯಲ್ಲ, ನೀರು ಬಲ್ಲವರ ಸ್ನೇಹ. ಆ ಸ್ನೇಹಕ್ಕೆ ದ್ರೋಹವಾದ ದಿನ ದಾರಿ ಇಲ್ಲವಾಯಿತು. ಹೊಸಬರು ಬರುವುದು ನಿಂತಾಗ ಕೊಲ್ಲಿಯ ದಡದ ಕೆಲವೇ ಮನೆತನಗಳು ತಮ್ಮೊಳಗೇ ಹೆಣ್ಣು ಕೊಟ್ಟು ತಂದು ಬೆಳೆದವು. ನಿಕೊಲಾಸ್ ಬೆರ್ರಿಯೆಸಾ ಮದುವೆಯಾದದ್ದೂ ಅದೇ ಯಾತ್ರೆಯಲ್ಲಿ ಬಂದ ಪೆರಾಲ್ಟಾ ಮನೆತನದ ಗರ್ಟ್ರೂಡಿಸ್‌ಳನ್ನು.

ಅವರ ಮಕ್ಕಳು ಮೊಮ್ಮಕ್ಕಳು ಸಾವಿರಾರು ಎಕರೆಯ ಒಡೆಯರಾದರು. 1846ರಲ್ಲಿ ಅಮೆರಿಕದವರು ಕ್ಯಾಲಿಫೋರ್ನಿಯಾವನ್ನು ಹಿಡಿಯತೊಡಗಿದಾಗ ಎಲ್ಲ ಬದಲಾಯಿತು. ನಿಕೊಲಾಸ್‌ನ ಮಗ ಹೊಸೆ ಡಿ ಲೋಸ್ ರೆಯೆಸ್, ಅರವತ್ತು ದಾಟಿದ ಮುದುಕ, ಸೊನೋಮಾದಲ್ಲಿ ಸೆರೆಯಾಗಿದ್ದ ಮಗನನ್ನು ನೋಡಲು ದೋಣಿಯಲ್ಲಿ ಹೊರಟಿದ್ದ. ಜೂನ್ 28ರಂದು ಸ್ಯಾನ್ ರಫೇಲ್‌ನ ದಡದಲ್ಲಿ ಅಮೆರಿಕದ ಸೇನಾಧಿಕಾರಿ ಫ್ರೆಮಾಂಟ್‌ನ ದಂಡಿನ ಕಿಟ್ ಕಾರ್ಸನ್ ಮತ್ತು ಸಂಗಡಿಗರು ಅವನನ್ನೂ ಜೊತೆಗಿದ್ದ ಇಬ್ಬರು ತರುಣರನ್ನೂ ಗುಂಡಿಟ್ಟು ಕೊಂದರು. ಕಾರ್ಸನ್ ಹೆಸರಿನ ನಗರ, ಕಣಿವೆಗಳು ಇಂದಿಗೂ ಇವೆ. ಈ ಕೊಲೆಯನ್ನು ನೆನೆಯುವವರು ಕಡಿಮೆ. 1851ರ ಭೂ ಕಾಯಿದೆ ಹಳೆಯ ಒಡೆಯರೇ ಹಕ್ಕು ಸಾಬೀತು ಮಾಡಬೇಕೆಂದಿತು. ವಕೀಲರ ಫೀಜು, ಸಾಲ, ಅಕ್ರಮವಾಗಿ ನೆಲೆಯೂರಿದವರು — ಎಲ್ಲ ಸೇರಿ ಭೂಮಿಯನ್ನು ನುಂಗಿದವು. ನಾಪಾ ಸೀಮೆಯಲ್ಲಿ ಅದೇ ಮನೆತನಕ್ಕೆ ಸೇರಿದ್ದ ಕಣಿವೆ 1957ರಲ್ಲಿ ಮುಗಿದ ಮಾಂಟಿಸೆಲೊ ಅಣೆಕಟ್ಟೆಯ ಹಿಂದೆ ಮುಳುಗಿ, ಲೇಕ್ ಬೆರ್ರಿಯೆಸಾ ಆಯಿತು. ಒಂದೂರಿಗೂ ಒಂದು ಕೆರೆಗೂ ಹೆಸರು ಉಳಿಯಿತು, ನೆಲ ಉಳಿಯಲಿಲ್ಲ.

ಆನ್ಜಾನ ದಾರಿ 1990ರಿಂದ ರಾಷ್ಟ್ರೀಯ ಐತಿಹಾಸಿಕ ಹಾದಿ. ಉದ್ದ ಸುಮಾರು 1,900 ಕಿಲೋಮೀಟರ್. ಕಯೋಟಿ ಕಣಿವೆಯ ನಡುಭಾಗಕ್ಕೆ 1990ರ ದಶಕದಲ್ಲಿ ವಾಹನ ನಿಷೇಧವಾಯಿತು. ತೊರೆಯ ದಂಡೆಯ ಗಿಡಮರ, ಹಕ್ಕಿಗಳು ಚಕ್ರದಡಿ ನಲುಗುತ್ತಿದ್ದವು. ಈಗ ಅಲ್ಲಿ ನಡೆದೋ ಕುದುರೆಯ ಮೇಲೋ ಹೋಗಬೇಕು. ಜೀಪಿನವರಲ್ಲಿ ಇದಕ್ಕೆ ಬೇಸರಪಟ್ಟವರಿದ್ದಾರೆ, ಆದರೂ ತೀರ್ಮಾನ ಸರಿಯಾದದ್ದೇ. ಅಳಿವಿನಂಚಿನಲ್ಲಿರುವ ದೊಡ್ಡಕೊಂಬಿನ ಕಾಡುಕುರಿಗಳು ಬೇಸಿಗೆಯಲ್ಲಿ ನೀರಿಗೆ ಇಳಿದು ಬರುವುದು ಈ ಕಣಿವೆಗೇ.

ಹೋಗುವವರು ಚಳಿಗಾಲದಲ್ಲಿ ಹೋಗಲಿ, ಸಾಧ್ಯವಾದರೆ ಎರಡು ವಾಹನಗಳಲ್ಲಿ. ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆಯಾಗದಂತೆ ನೀರು ಇರಲಿ, ಗುರುತು ಮಾಡಿದ ದಾರಿ ಬಿಟ್ಟು ಚಕ್ರ ಇಳಿಯದಿರಲಿ. ಜೊತೆಗೆ ಮಕ್ಕಳಿದ್ದರೆ ಆನ್ಜಾನ ಹೆಸರಿನೊಡನೆ ಟಾರಾಬಲ್, ಪಾಲ್ಮಾ ಹೆಸರನ್ನೂ ಹೇಳಿ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಯೋಟಿ ಕಣಿವೆ ಎಲ್ಲರಿಗೂ ಮುಚ್ಚಿರುತ್ತದೆ. ಆ ನಾಲ್ಕು ತಿಂಗಳು ನೀರು ಕಾಡುಕುರಿಗಳದು.