ಬೋರ್ಡ್ ಶಾಲೆಯ ಬಡತನ

ಪಟಮಟದ ಹಿರಿಯ ತೆಲುಗರಿಗೂ ಬಳ್ಳಾರಿ, ಮಂಗಳೂರು ಸೀಮೆಗಳಿಂದ ಬಂದ ನಮಗೂ ‘ಬೋರ್ಡ್ ಶಾಲೆ’ ಎಂಬ ಮಾತು ಸಮಾನ. ಕೃಷ್ಣಾ, ಬಳ್ಳಾರಿ, ದಕ್ಷಿಣ ಕನ್ನಡ ಮೂರೂ ಮದರಾಸು ಪ್ರಾಂತ್ಯದ ಜಿಲ್ಲೆಗಳಾಗಿದ್ದವಷ್ಟೆ. 1884ರ ಕಾಯಿದೆ ಹಳ್ಳಿಯ ಪ್ರಾಥಮಿಕ ಶಿಕ್ಷಣವನ್ನು ತಾಲೂಕು ಬೋರ್ಡುಗಳಿಗೆ ವಹಿಸಿತು. ಜಮೀನಿನ ಮೇಲಿನ ಸೆಸ್ಸೇ ಅವುಗಳ ಮುಖ್ಯ ಆಧಾರ. ರಸ್ತೆ, ಆಸ್ಪತ್ರೆ, ಶಾಲೆಗಳೆಲ್ಲ ಅದರಲ್ಲೇ ನಡೆಯಬೇಕು. 1920ರ ಶಿಕ್ಷಣ ಕಾಯಿದೆ ಶಿಕ್ಷಣ ತೆರಿಗೆಗೂ ಕಡ್ಡಾಯ ಶಿಕ್ಷಣಕ್ಕೂ ಅವಕಾಶವಿತ್ತಿತು. ಆದರೆ ತೆರಿಗೆ ಹಾಕಬೇಕಾದವರು ಮತ ಕೇಳಬೇಕಾದವರೂ ಆಗಿದ್ದರು. 1934ರಲ್ಲಿ ತಾಲೂಕು ಬೋರ್ಡುಗಳೇ ರದ್ದಾಗಿ, ಹಳ್ಳಿಯ ಮೇಷ್ಟರ ಅಹವಾಲು ದೂರದ ಜಿಲ್ಲಾ ಬೋರ್ಡಿನ ಬಾಗಿಲಿಗೆ ಹೋಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲುಳಿದವು. ಅಲ್ಲಿನ ಕನ್ನಡ ಮಕ್ಕಳ ಪಾಲಿಗೆ ಹಣದ ಕೊರತೆಯ ಜೊತೆಗೆ ಭಾಷೆಯ ಪ್ರಶ್ನೆಯೂ ಸೇರಿತು. ಶಾಲೆ ಊರಿನದಾದರೂ ಅದರ ತೀರ್ಮಾನ ಊರಿನದಾಗಿರಲಿಲ್ಲ.