ಮುಖಪುಟದ ಮುಖ, ಹೆಸರಿನ ಕೊನೆಯ ನಕಾರ

ಕೊಳ್ಳೇಗಾಲ, ಹನೂರು, ಯಳಂದೂರು ಇಂದು ಚಾಮರಾಜನಗರ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಹಿಂದೆ ಹಾಗಿರಲಿಲ್ಲ. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಸರಿದರೂ ಮಾತು ಸರಿಯಲಿಲ್ಲ. ಹನೂರಿನ ಅಂಚಿನ ಗೋಪಿನಾಥಂನಂಥ ಊರುಗಳ ಮನೆಮಾತು ತಮಿಳು. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟಗಳ ಪೋಡುಗಳಲ್ಲಿ ಕನ್ನಡಕ್ಕೆ ಹತ್ತಿರದ ಸೋಲಿಗ ನುಡಿ. ೧೯೯೦ರ ದಶಕದಲ್ಲಿ ಪತ್ರಿಕೆಗಳ ಮುಖಪುಟಗಳು ಈ ಸೀಮೆಯನ್ನು ಹೇಗೆ ಒಂದೇ ಮುಖಕ್ಕೆ ಇಳಿಸಿದವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಆ ಮುಖ ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್‌ನದು: ಹಸಿರು ಸಮವಸ್ತ್ರ, ಬಂದೂಕು, ಕೆನ್ನೆ ತುಂಬಿದ ಮೀಸೆ. ತಮಿಳಿನ 'ನಕ್ಕೀರನ್' ಪತ್ರಿಕೆಯವರು ಕಾಡಿಗೆ ಹೋಗಿ ಅವನನ್ನು ಸಂದರ್ಶಿಸಿದರು. ಅಲ್ಲಿ ಅವನು ಓದುಗರೊಡನೆ ತನ್ನ ಮಾತಿನಲ್ಲೇ ವಾದಿಸುವ ವ್ಯಕ್ತಿ. ಕನ್ನಡದಲ್ಲಿ ಅಂಥ ಚಿತ್ರಗಳ ಜೊತೆಗೆ ಬಂದದ್ದು 'ಕಾಡುಗಳ್ಳ', 'ದಂತಚೋರ', 'ನರಹಂತಕ' ಎಂಬ ಪದಗಳು. ಇವು ಅತಿಶಯೋಕ್ತಿಗಳೆಂದು ನಾವು ಹೇಳುತ್ತಿಲ್ಲ. ೧೯೯೨ರ ರಾಮಾಪುರ ಠಾಣೆಯ ದಾಳಿ, ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ೧೯೯೩ರ ಪಾಲಾರ್ ನೆಲಬಾಂಬು ಸ್ಫೋಟ ಕಣ್ಣೆದುರಿಗಿದ್ದವು.

ನಮ್ಮ ಗಮನ ಆ ಪದಗಳಿಗಿಂತ ಹೆಸರಿನ ಮೇಲಿದೆ. ವೀರಪ್ಪ ಎಂಬುದು ಕನ್ನಡ ನಾಡಿನಲ್ಲಿ ಊರೂರಿಗೂ ಇರುವ ಹೆಸರು. ಪತ್ರಿಕೆಗಳು ಅದನ್ನು ಕನ್ನಡಕ್ಕೆ ಒಗ್ಗಿಸದೆ ತಮಿಳಿನ ಕೊನೆಯ ನಕಾರವನ್ನು ಉಳಿಸಿಕೊಂಡವು. ಅವನ ಹೆಸರೇ ಹಾಗಿತ್ತು ಎನ್ನಬಹುದು, ಅದು ನಿಜವೂ ಹೌದು. ಆದರೆ ಅದರ ಫಲ ಬೇರೆ: ಕರ್ನಾಟಕದ ನೆಲದಲ್ಲಿ ಹುಟ್ಟಿದವನು ದೂರದ ನಗರದ ಓದುಗನಿಗೆ ಗಡಿಯಾಚೆಯವನಾಗಿ ಕಂಡ. ೨೦೦೦ದ ಜುಲೈ ೩೦ರಂದು ರಾಜಕುಮಾರ್ ಅವರ ಅಪಹರಣವಾದ ಮೇಲಂತೂ ಆ ಒಂದಕ್ಷರ ಎರಡು ಭಾಷಿಕರ ನಡುವಣ ಸಂಶಯದ ಭಾರವನ್ನೆಲ್ಲ ಹೊತ್ತಿತು. ಗೋಪಿನಾಥಂನ ತಮಿಳು ಒಕ್ಕಲುಗಳು ಅದೇ ನಕಾರದ ನೆರಳಿಗೆ ಸಿಕ್ಕಿದರು.

ಚೌಕಟ್ಟಿನ ಹೊರಗೆ ಉಳಿದವರ ಪಾಡು ಇನ್ನೂ ಕಠಿಣ. ಮಹದೇಶ್ವರ ಬೆಟ್ಟದಲ್ಲಿ ವಿಶೇಷ ಕಾರ್ಯಪಡೆ ವಿಚಾರಣೆ ನಡೆಸುತ್ತಿದ್ದ ಜಾಗಕ್ಕೆ 'ವರ್ಕ್‌ಶಾಪ್' ಎಂಬ ಹೆಸರು ಬಿದ್ದಿತ್ತು. ದುರಸ್ತಿಯ ಸ್ಥಳದ ಹೆಸರು ಚಿತ್ರಹಿಂಸೆಯ ಸ್ಥಳಕ್ಕೆ. ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯೆದುರು ಗ್ರಾಮಸ್ಥರೂ ಬುಡಕಟ್ಟಿನವರೂ ತಮ್ಮ ಸಂಕಟವನ್ನು ಹೇಳಿಕೊಂಡರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ೨೦೦೭ರಲ್ಲಿ ೮೯ ಮಂದಿಗೆ ಒಟ್ಟು ೨.೮೦ ಕೋಟಿ ರೂಪಾಯಿ ಪರಿಹಾರ ನೀಡುವಂತೆ ಹೇಳಿತು. ಆ ೮೯ ಮುಖಗಳಲ್ಲಿ ಒಂದಾದರೂ ಕನ್ನಡ ಓದುಗರ ನೆನಪಿನಲ್ಲಿ ಉಳಿದಿದೆಯೇ? ಮೀಸೆ ಮಾತ್ರ ಉಳಿದಿದೆ.

ಗೋಪಿನಾಥಂ ತನಗಾಗಿ ಆರಿಸಿಕೊಂಡ ಚಿತ್ರವೇ ಬೇರೆ. ಆ ಊರಿನಲ್ಲಿದ್ದು ಮಾರಿಯಮ್ಮನ ಗುಡಿ ಕಟ್ಟಿಸಿದ, ೧೯೯೧ರ ನವೆಂಬರಿನಲ್ಲಿ ವೀರಪ್ಪನ್ ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಭಾವಚಿತ್ರಕ್ಕೆ ಊರವರು ದೇವರ ಜೊತೆಯಲ್ಲೇ ಪೂಜೆ ಸಲ್ಲಿಸುತ್ತಾರೆ.